ಖಾಲಿ ಲಾರಿಗೆ 14 ಟನ್

"ಏನ್ ಮಾರಾಯ, ಖಾಲಿ ಲಾರಿಗೆ 14 ಟನ್ ತೋರಿಸ್ತಿದೆಯಲ್ಲ ನಿನ್ನ ಕಂಪ್ಯೂಟರು?"

ಜನವರಿಯ ಒಂದು ಮಧ್ಯಾಹ್ನ ಬಂದ ಫೋನು. ಮಾಡಿದವರು ಚಿಕ್ಕಮಗಳೂರಿನ ಒಂದು ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ಕಾರ್ಖಾನೆಯಲ್ಲಿ ವೇಬ್ರಿಡ್ಜ್ (ಲಾರಿ ತೂಗುವ ಕಟ್ಟೆ) ನೋಡಿಕೊಳ್ಳುವ ಅಣ್ಣ. ಅಲ್ಲಿನ ತೂಕದ ಸಾಫ್ಟ್‌ವೇರ್ ಬರೆದವನು ನಾನೇ, ಜಾವಾದಲ್ಲಿ. ಬೈಕ್ ಹತ್ತಿ ಓಡಿದೆ.

ಅಣ್ಣ ಹೇಳಿದ್ದು ನಿಜ. ತೂಕದ ಡಬ್ಬಿಯ ಮೇಲೆ ಕೆಂಪು ಅಂಕಿಯಲ್ಲಿ 4,980 ಕೆಜಿ. ಅದೇ ಡಬ್ಬಿಯಿಂದ ತಂತಿ ಎಳೆದಿರುವ ನನ್ನ ಸ್ಕ್ರೀನಿನಲ್ಲಿ 14,260. ಚೀಟಿ ತಿರುವಿ ನೋಡಿದರೆ ಅದು ಸ್ವಲ್ಪ ಹೊತ್ತಿನ ಮುಂಚೆ ಹತ್ತಿ ಇಳಿದ ಬೇರೆ ಲಾರಿಯ ತೂಕ! ಹೊರಗೆ ಡ್ರೈವರ್‌ಗಳು ಹಾರ್ನ್ ಹೊಡೆಯುತ್ತಿದ್ದರು.

ಇದರ ಬೇರು ಅದರ ಹಿಂದಿನ ತಿಂಗಳಲ್ಲಿತ್ತು. ಪ್ರತಿ ತೂಕಕ್ಕೂ ಲಾರಿಯ 3 ಫೋಟೋ ತೆಗೆದು ಸರ್ವರ್‌ಗೆ ಕಳಿಸಬೇಕು. ಒಂದೊಂದು ಫೋಟೋ ಸುಮಾರು ಒಂದೂವರೆ ಎಂಬಿ. ತೂಕ ಓದೋಕೆ ಒಂದು ಥ್ರೆಡ್ (ಪ್ರೋಗ್ರಾಮಿನೊಳಗೆ ತನ್ನ ಪಾಡಿಗೆ ಓಡುವ ಕೆಲಸಗಾರ), ಫೋಟೋ ಕಳಿಸೋಕೆ ಎರಡು ಥ್ರೆಡ್, ನಡುವೆ ಒಂದು ಬ್ಲಾಕಿಂಗ್ ಕ್ಯೂ, ಅಂದರೆ ಕಾಯಿಸುವ ಸಾಲು. ಒಬ್ಬರು 'ಪುಟ್' ಅಂತ ಹಾಕುತ್ತಾರೆ, ಇನ್ನೊಬ್ಬರು 'ಟೇಕ್' ಅಂತ ತೆಗೆಯುತ್ತಾರೆ. ಕ್ಯೂ ಖಾಲಿ ಇದ್ದರೆ ಟೇಕ್ ಮಾಡಿದ ಥ್ರೆಡ್ ಮಲಗುತ್ತದೆ, ಏನಾದರೂ ಬಂದಾಗ ಏಳುತ್ತದೆ. ತುಂಬಿದ್ದರೆ ಪುಟ್ ಮಾಡಿದವರು ಮಲಗುತ್ತಾರೆ. ಸುಮ್ನೆ ಸುತ್ತುತ್ತಾ "ಬಂತಾ, ಬಂತಾ" ಅಂತ ಕೇಳಿ ಸಿಪಿಯು ಸುಡುವ ಕೆಲಸ ಇಲ್ಲ.

ಈ ಬ್ಲಾಕಿಂಗ್ ಕ್ಯೂ ಜಾವಾಕ್ಕೆ ಬಂದದ್ದು 2004ರಲ್ಲಿ, ಜಾವಾ 5ರ ಜೊತೆ. ಡಗ್ ಲೀ ಅನ್ನುವ ಪ್ರೊಫೆಸರ್ ಮುಂದಾಳತ್ವದಲ್ಲಿ ಆದ ಕೆಲಸ. ಅದಕ್ಕೂ ಮುಂಚೆ ವೇಟ್ (ಮಲಗು), ನೋಟಿಫೈ (ಎಬ್ಬಿಸು) ಅನ್ನುವ ಆಜ್ಞೆ ಇಟ್ಟುಕೊಂಡು ನಾವೇ ಹೆಣೆಯಬೇಕಿತ್ತು. ಕಾಲೇಜಿನಲ್ಲಿ ನಾನೂ ಹೆಣೆದಿದ್ದೆ. ಮತ್ತೆ ಮತ್ತೆ ಪರೀಕ್ಷಿಸುವ 'ವೈಲ್' ಇರಬೇಕಾದ ಕಡೆ ಒಂದೇ ಸಲ ನೋಡುವ 'ಇಫ್' ಹಾಕಿದ್ದೆ. ಎದ್ದ ಥ್ರೆಡ್ ಮತ್ತೊಮ್ಮೆ ಕ್ಯೂ ನೋಡಲೇಬೇಕು. ಅದು ಏಳುವಷ್ಟರಲ್ಲಿ ಬೇರೆಯವರು ಖಾಲಿ ಮಾಡಿರಬಹುದು, ಯಾರೂ ಎಬ್ಬಿಸದೆ ತಾನೇ ಎದ್ದಿರಲೂಬಹುದು. ಲ್ಯಾಬಿನಲ್ಲಿ ಆ ಪ್ರೋಗ್ರಾಮ್ ಒಮ್ಮೆಯೂ ಕೈಕೊಡಲಿಲ್ಲ. ಅದೇ ನೋಡಿ ಇದರ ಕಾಟ.

ಸರಿ, ಡಿಸೆಂಬರ್‌ಗೆ ಬರೋಣ. ನಾನು ಹಾಕಿದ್ದು ಲಿಂಕ್ಡ್ ಬ್ಲಾಕಿಂಗ್ ಕ್ಯೂ ಅನ್ನುವ ಬಗೆ, ಎಷ್ಟು ಹಿಡಿಸಬೇಕು ಅನ್ನುವ ಅಳತೆ ಕೊಡದೆ. ಅಳತೆ ಕೊಡದಿದ್ದರೆ ಅದರ ಮಿತಿ 2,14,74,83,647. ಅಂದರೆ 214 ಕೋಟಿಗೂ ಜಾಸ್ತಿ. ಮಿತಿ ಇದೆ ಅನ್ನೋದು ಹೆಸರಿಗಷ್ಟೇ. ರಸ್ತೆ ಅಗೆಯುವವರು ಕೇಬಲ್ ಕಿತ್ತು ನೆಟ್ ಹೋಯಿತು, ಫೋಟೋಗಳು ಕ್ಯೂನಲ್ಲೇ ರಾಶಿ ಬಿದ್ದವು. ಪ್ರೋಗ್ರಾಮಿಗೆ ನಾನು ಕೊಟ್ಟಿದ್ದ ಮೆಮೊರಿ 512 ಎಂಬಿ. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ 'ಔಟ್ ಆಫ್ ಮೆಮೊರಿ' ಅಂತ ಬಿದ್ದುಹೋಯಿತು. ಕ್ಯೂನಲ್ಲಿದ್ದ ಫೋಟೋಗಳೆಲ್ಲ ಅದರ ಜೊತೆಗೇ ಹೋದವು. ತೂಕದ ಚೀಟಿ ಕಾಗದದಲ್ಲಿ ಇತ್ತು, ಬಚಾವಾದೆ.

ಬುದ್ಧಿ ಬಂತು ಅಂದುಕೊಂಡೆ. ಅರೇ ಬ್ಲಾಕಿಂಗ್ ಕ್ಯೂ ಹಾಕಿದೆ, ಅಳತೆ 50. ತುಂಬಿದರೆ ಹಾಕುವವರು ಕಾಯಲಿ, ಅಷ್ಟೇ ಅಲ್ವಾ?

ಅಪ್ಪ ಮೂಡಿಗೆರೆ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದರು. ಹಣ್ಣಿನ ತೊಟ್ಟಿ ತುಂಬಿದರೆ ತೂಕ ನಿಲ್ಲಿಸಿಬಿಡುತ್ತಿದ್ದರು, ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ ಪಲ್ಪರ್ ಅದನ್ನು ಖಾಲಿ ಮಾಡುವ ತನಕ. ಕೊಯ್ದು ತಂದ ಹೆಂಗಸರು ಮೂಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಸಂಜೆಯೊಳಗೆ ಪಲ್ಪರ್‌ಗೆ ಬಿದ್ದರೆ ಆಯಿತು. ನನ್ನ ತಲೆಯಲ್ಲಿ ಇದ್ದದ್ದು ಆ ಚಿತ್ರ.

ಆದರೆ ತೂಕದ ಡಬ್ಬಿ ಮೂಟೆಯ ಮೇಲೆ ಕೂರುವುದಿಲ್ಲ. ನಾವು ಓದಲಿ, ಬಿಡಲಿ, ಸೆಕೆಂಡಿಗೆ ಹತ್ತು ಸಲ ತೂಕ ಕಳಿಸುತ್ತಲೇ ಇರುತ್ತದೆ. ತೂಕ ಓದುವ ಥ್ರೆಡ್ಡೇ ಫೋಟೋವನ್ನೂ ಪುಟ್ ಮಾಡುವ ಹಾಗೆ ಬರೆದಿದ್ದೆ. ಆವತ್ತು ನೆಟ್ ಕುಂಟುತ್ತಿತ್ತು, 50 ತುಂಬಿತು, ಥ್ರೆಡ್ ಪುಟ್‌ನಲ್ಲೇ ಮಲಗಿತು. ಬರುತ್ತಿದ್ದ ತೂಕ ತಂತಿ ಬಂದು ಸೇರುವ ಸೀರಿಯಲ್ ಪೋರ್ಟಿನ ಬಫರ್ ಅನ್ನುವ ತಾತ್ಕಾಲಿಕ ಜಾಗದಲ್ಲಿ ಸೇರಿಕೊಂಡಿತು. ಆ ಬಫರ್ ತುಂಬಿದ ಮೇಲೆ ಹೊಸದು ಚೆಲ್ಲಿಹೋಗುತ್ತದೆ, ಹಳೆಯದೇ ಉಳಿಯುತ್ತದೆ. ಒಂದು ಫೋಟೋ ಹೊರಟು ಜಾಗವಾದಾಗ ಥ್ರೆಡ್ ಎದ್ದು ಓದಿದ್ದು ಹಿಂದಿನ ಲಾರಿಯ ತೂಕ. ವೇಬ್ರಿಡ್ಜ್ ಮೇಲೆ ನಿಂತಿದ್ದದ್ದು ಖಾಲಿ ಲಾರಿ.

ಆ ರಾತ್ರಿ ಒಡೆದು ಮತ್ತೆ ಕಟ್ಟಿದೆ. ತೂಕಕ್ಕೆ ಕ್ಯೂವೇ ಬೇಡವಾಗಿತ್ತು! ಅರ್ಧ ಸೆಕೆಂಡ್ ಹಿಂದಿನ ತೂಕ ಯಾರಿಗೆ ಬೇಕು? ಕೊನೆಯದೊಂದು ಸಾಕು. ಅದಕ್ಕೆ ಒಂದು ಅಟಾಮಿಕ್ ರೆಫರೆನ್ಸ್ ಇಟ್ಟೆ, ಒಂದೇ ಒಂದನ್ನು ಹಿಡಿಯುವ ಗೂಡು ಅಂದುಕೊಳ್ಳಿ. ಓದುವ ಥ್ರೆಡ್ ಹಳೆಯದರ ಮೇಲೆ ಹೊಸದನ್ನು ಬರೆಯುತ್ತಾ ಹೋಗುತ್ತದೆ, ಯಾರಿಗೂ ಕಾಯುವುದಿಲ್ಲ. ಫೋಟೋ ಹಾಗಲ್ಲ, ಒಂದೂ ಕಳೆಯಬಾರದು. ಬಟನ್ ಒತ್ತಿದ ತಕ್ಷಣ ಅದು ಮೊದಲು ಡಿಸ್ಕಿಗೆ ಹೋಗುತ್ತದೆ. ಆಮೇಲೆ ಫೈಲಿನ ಹೆಸರು ಮಾತ್ರ ಕ್ಯೂಗೆ, ಅದೂ 'ಆಫರ್' ಮೂಲಕ. ಜಾಗ ಇಲ್ಲದಿದ್ದರೆ ಆಫರ್ ಕಾಯದೆ 'ಇಲ್ಲ' ಅನ್ನುತ್ತದೆ. ಅನ್ನಲಿ. ಕಳಿಸುವವರು ಕೈ ಖಾಲಿಯಾದಾಗ ಫೋಲ್ಡರ್ ನೋಡಿ ಬಿಟ್ಟುಹೋದದ್ದನ್ನು ಎತ್ತಿಕೊಳ್ಳುತ್ತಾರೆ. ಅದಕ್ಕೇ ಅಲ್ಲಿ ಟೇಕ್ ಬದಲು 30 ಸೆಕೆಂಡ್ ಗಡುವಿನ 'ಪೋಲ್' ಇದೆ. ಗಡುವು ಮುಗಿದರೂ ಏನೂ ಸಿಗದಿದ್ದರೆ ಪೋಲ್ 'ನಲ್', ಅಂದರೆ 'ಏನೂ ಇಲ್ಲ', ಕೊಡುತ್ತದೆ. ಈ ಕ್ಯೂಗಳು ನಲ್ ಒಳಗೆ ಬಿಟ್ಟುಕೊಳ್ಳದೇ ಇರೋದು ಅದಕ್ಕೇ. ಬಿಟ್ಟಿದ್ದರೆ ಖಾಲಿಯೋ, ಯಾರೋ ಹಾಕಿದ್ದೋ ತಿಳಿಯುತ್ತಿರಲಿಲ್ಲ.

ಆಮೇಲೆ ತೂಕ ತಪ್ಪಿಲ್ಲ. ಅಣ್ಣ ಮಾತ್ರ ಇವತ್ತಿಗೂ ಕೆಂಪು ಅಂಕಿ ನೋಡಿಯೇ ಬಟನ್ ಒತ್ತುತ್ತಾರೆ. ಇರಲಿ ಬಿಡಿ.

ಒಂದು ತಿಂಗಳಾದ ಮೇಲೆ ಮತ್ತೆ ಫೋನು. "ಸಂಜೆ ನಿನ್ನ ಪ್ರೋಗ್ರಾಮ್ ಮುಚ್ಚಿದರೆ ಮುಚ್ಚಿಕೊಳ್ಳೋದೇ ಇಲ್ಲ ಕಣೋ. ದಿನಾ ಯುಪಿಎಸ್ ವೈರು ಕೀಳ್ತಿದೀನಿ."

ಕೆಲಸ ಮುಗಿಯಿತು ಅಂತ ತಿಳಿಸೋಕೆ ಕ್ಯೂಗೆ ಕೊನೆಯಲ್ಲಿ ಒಂದು ಗುರುತಿನ ಚೀಟಿ ಹಾಕುವ ರೂಢಿ ಇದೆ. ವಿಷದ ಗುಳಿಗೆ ಅಂತ ಅದರ ಹೆಸರು. ನುಂಗಿದ ಥ್ರೆಡ್ ನಿಲ್ಲುತ್ತದೆ. ನಾನು ಹಾಕುತ್ತಿದ್ದದ್ದು ಒಂದು, ಕಳಿಸುವ ಥ್ರೆಡ್ ಎರಡು. ಮೊದಲನೆಯದು ನುಂಗಿ ನಿಲ್ಲುತ್ತಿತ್ತು. ಎರಡನೆಯದು ಪಾಪ, 30 ಸೆಕೆಂಡಿಗೊಮ್ಮೆ ಎದ್ದು ನೋಡುತ್ತಾ ರಾತ್ರಿಯಿಡೀ ಕಾಯೋಕೆ ತಯಾರಾಗಿ ಕೂತಿರುತ್ತಿತ್ತು.

ಈಗ ಎರಡು ಹಾಕುತ್ತೇನೆ.