"ಅವಳದ್ದು ಈಗ ಎಷ್ಟನೇ ಗ್ರೇಡ್, ಟೀಚರ್?"

ಮಂಗಳೂರಿನಲ್ಲಿ ಪಿಯಾನೋ ಕಲಿಸುವ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಗ್ರೇಡ್ ಅಂದರೆ ಸಂಗೀತ ಪರೀಕ್ಷೆಯ ಹಂತ. "ಪಕ್ಕದ ಮನೆಯ ಹುಡುಗ ಆಗಲೇ ಮೂರನೇದು ಮುಗಿಸಿದ್ದಾನೆ, ಗೊತ್ತುಂಟಾ?" ಅಂತ ಜೊತೆಗೆ ಸೇರಿಸುತ್ತಾರೆ. ಕೇಳುವುದು ಸಹಜ. ಫೀಸ್ ಕಟ್ಟುವವರಿಗೆ ಮಗು ಎಲ್ಲಿಗೆ ಮುಟ್ಟಿತು ಅಂತ ತಿಳಿಯಬೇಕು, ಅಲ್ವಾ?

ಆದರೆ ಒಂದೇ ನಂಬರ್ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಒಂದೇ ಮಗುವಿನ ಕಿವಿ ನಾಲ್ಕನೇ ಗ್ರೇಡಿನಷ್ಟು ಚುರುಕು, ಬೆರಳು ಎರಡರಷ್ಟು, ನೊಟೇಷನ್ (ಬರೆದ ಸ್ವರಲಿಪಿ) ಓದುವುದು ಮಾತ್ರ ಇನ್ನೂ ಒಂದನೇದರ ಹತ್ತಿರ. ಇದರಲ್ಲಿ ಯಾವುದನ್ನು ಹೇಳಲಿ?

ಈ ಗ್ರೇಡ್ ಪರೀಕ್ಷೆಗಳನ್ನು ನಡೆಸುವ ಲಂಡನ್ನಿನ ಸಂಗೀತ ಪರೀಕ್ಷಾ ಮಂಡಳಿ ಎಬಿಆರ್‌ಎಸ್‌ಎಂನ ಪ್ರಾಕ್ಟಿಕಲ್ ಪರೀಕ್ಷೆಯ ಅಂಕಗಳನ್ನೇ ನೋಡಿ. ಒಟ್ಟು 150. ಮೂರು ಪೀಸ್‌ಗಳಿಗೆ (ಕಲಿತು ಬಂದ ರಚನೆಗಳಿಗೆ) ತಲಾ 30, ಅಂದರೆ 90. ಸ್ಕೇಲ್‌ಗೆ (ಸ್ವರಗಳ ಆರೋಹಣ-ಅವರೋಹಣ) 21, ಸೈಟ್ ರೀಡಿಂಗ್‌ಗೆ (ಹೊಸ ನೊಟೇಷನ್ ನೋಡಿದ ಕೂಡಲೇ ನುಡಿಸುವುದು) 21, ಕಿವಿಯ ಪರೀಕ್ಷೆಗೆ 18. ಒಟ್ಟಿನಲ್ಲಿ 100 ಬಂದರೆ ಪಾಸ್. ಮೂರು ಪೀಸ್‌ಗಳನ್ನು ವರ್ಷವಿಡೀ ಉರು ಹೊಡೆದ ಮಗು, ಓದುವುದರಲ್ಲಿ ತೀರಾ ಹಿಂದಿದ್ದರೂ ಸರ್ಟಿಫಿಕೇಟ್ ತರುತ್ತದೆ. ಪರೀಕ್ಷೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆ ಒಂದು ಅಂಕೆಯೊಳಗೆ ಏನೆಲ್ಲ ಅಡಗಿ ಕೂರಬಹುದು ಅಂತ ಹೇಳುತ್ತಿದ್ದೇನೆ. ನಾಲ್ಕು ಗ್ರೇಡ್ ಮುಗಿಸಿದರೂ ಹೊಸ ಪುಸ್ತಕ ಕೊಟ್ಟರೆ ಅಕ್ಷರ ಕೂಡಿಸಿದ ಹಾಗೆ ಒಂದೊಂದೇ ಸ್ವರ ಹುಡುಕುವ ಮಕ್ಕಳು ಇದ್ದಾರೆ. ಅದು ನೋಡಲು ಬೇಜಾರಾಗುತ್ತದೆ.

ಚರ್ಚಿನ ಕೊಯರ್‌ನಲ್ಲಿ ಹಾಡುವ ಒಬ್ಬಳು ಹುಡುಗಿ ನನ್ನ ಹತ್ತಿರ ಬರುತ್ತಾಳೆ. ಕೊಂಕಣಿ ಹಾಡು ಒಮ್ಮೆ ಕೇಳಿದರೆ ಸಾಕು, ಬಲಗೈಯಲ್ಲಿ ರಾಗ, ಎಡಗೈಯಲ್ಲಿ ಸರಿಯಾದ ಕಾರ್ಡ್, ಅಂದರೆ ಒಟ್ಟಿಗೆ ಒತ್ತುವ ಸ್ವರಗಳ ಗುಂಪು. ಯಾರೂ ಹೇಳಿಕೊಟ್ಟದ್ದಲ್ಲ. ಇಂಥವಳಿಗೆ ಪೀಸನ್ನು ನಾನು ಮೊದಲೇ ನುಡಿಸಿ ತೋರಿಸಿದರೆ ಕೆಲಸ ಕೆಟ್ಟಿತು. ಕಣ್ಣು ಪುಸ್ತಕದ ಮೇಲೆ ಇರುತ್ತದೆ, ನುಡಿಸುವುದು ಮಾತ್ರ ಕಿವಿ. ಹಾಗಾಗಿ ಅವಳಿಗೆ ತೋರಿಸುವುದೇ ಇಲ್ಲ. ಅವಳು ನುಡಿಸಬಲ್ಲದ್ದಕ್ಕಿಂತ ಎರಡು ಹಂತ ಕೆಳಗಿನ ಪುಸ್ತಕದಿಂದ ದಿನಕ್ಕೆ ಒಂದು ಹೊಸ ಸಾಲು. ಮರುದಿನ ಅದೇ ಸಾಲು ಬೇಡ, ಬಾಯಿಪಾಠ ಆಗಿಬಿಡುತ್ತದೆ. ಒಂದು ರಟ್ಟಿನ ತುಂಡು ಹಿಡಿದು, ಅವಳು ನುಡಿಸುತ್ತಿರುವ ಬಾರ್ ಅನ್ನೇ (ಗೆರೆ ಎಳೆದು ಭಾಗ ಮಾಡಿದ ನೊಟೇಷನ್‌ನ ಒಂದು ತುಂಡು) ಮುಚ್ಚುತ್ತಾ ಹೋಗುತ್ತೇನೆ. ಆಗ ಕಣ್ಣು ಮುಂದಿನ ಬಾರ್‌ಗೆ ಓಡಲೇಬೇಕು. ತಪ್ಪಿದರೆ ನಿಲ್ಲುವ ಹಾಗಿಲ್ಲ, ತಾಳ ಬಿಡದೆ ಮುಂದೆ ಹೋಗಬೇಕು. ಅವಳಿಗೆ ನಿಲ್ಲದೆ ಹೋಗುವುದೇ ಕಷ್ಟ. ತಪ್ಪು ಸ್ವರ ಕಿವಿಗೆ ಚುಚ್ಚುತ್ತದಲ್ಲ!

ಉಡುಪಿ ಕಡೆಯಿಂದ ಬರುವ ಹುಡುಗನ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಕರ್ನಾಟಕ ಸಂಗೀತ ಕಲಿತವನು. ತಾಳ ಗಟ್ಟಿ, ತಾಳ ಎಣಿಸುವ ಮೆಟ್ರೊನೋಮ್ ಯಂತ್ರ ಬೇಡವೇ ಬೇಡ. ಹಲವು ಪಿಯಾನೋ ಪುಸ್ತಕಗಳು ಬಿಳಿ ಕೀಗಳಿಂದ ಶುರುವಾಗುತ್ತವೆ. ಇವನಿಗೆ ನಾನು ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳೆ ವರಸೆಯಿಂದಲೇ ಶುರು ಮಾಡಿದೆ. ಸಿ ಕೀಯನ್ನು ಷಡ್ಜ (ಸ) ಮಾಡಿಕೊಂಡರೆ ಅದರ ರಾಗ ಮಾಯಾಮಾಳವಗೌಳದ ರಿ ಮತ್ತು ದ ಎರಡೂ ಕಪ್ಪು ಕೀಗಳು, ಉಳಿದದ್ದು ಬಿಳಿ. ಗೊತ್ತಿರುವ ಸ್ವರ, ಹೊಸದು ಕೈ ಮಾತ್ರ. ಮೊದಲ ವಾರದಲ್ಲೇ ಕಪ್ಪು ಕೀಗಳ ಭಯ ಹೋಯಿತು.

ಅವನಿಗೆ ಬಾರದ್ದು ಎಡಗೈಯಲ್ಲಿ ಬೇರೆಯೇ ಕೆಲಸ ಮಾಡುವುದು. ಒಂದೇ ರಾಗದ ಸಾಲನ್ನು ಹಿಡಿದು ಬೆಳೆದ ಮನಸ್ಸಿಗೆ ಎರಡು ಸಾಲು ಒಟ್ಟಿಗೆ ಕೇಳುವುದೇ ಹೊಸತು. ಮೊದಲು ಎಡಗೈಯಲ್ಲಿ ಸ-ಪ ಎರಡನ್ನೂ ಒತ್ತಿ ಹಿಡಿಯಲು ಹೇಳಿದೆ, ಶ್ರುತಿ ಹಿಡಿದ ಹಾಗೆ. ಆಮೇಲೆ ಆ ಎರಡನ್ನು ಬಿಡಿಸಿ, ಒಂದರ ನಂತರ ಒಂದು. ಆಮೇಲೆ ಮಾತ್ರ ಕಾರ್ಡ್ ಬದಲಾಯಿಸುವುದು. ಈ ಕೊನೆಯ ಹೆಜ್ಜೆಗೆ ಬಹಳ ಸಮಯ ಹಿಡಿಯಿತು. ಅವಸರ ಮಾಡಲಿಲ್ಲ.

ಇವರಿಬ್ಬರನ್ನೂ ಒಂದೇ ಪುಸ್ತಕದ ಒಂದೇ ಪುಟಕ್ಕೆ ಕೂರಿಸಿದರೆ ಇಬ್ಬರಿಗೂ ನಷ್ಟ. ಕೈಯ ಅಳತೆಯೂ ಉಂಟು. ಪಿಯಾನೋದಲ್ಲಿ ಒಂದು ಆಕ್ಟೇವ್ (ಒಂದು ಸ್ವರದಿಂದ ಅದೇ ಹೆಸರಿನ ಮುಂದಿನ ಸ್ವರದವರೆಗೆ) ಅಂದರೆ ಸುಮಾರು 16.5 ಸೆಂಟಿಮೀಟರ್. ಅಷ್ಟು ಚಾಚಲು ಆಗದ ಪುಟ್ಟ ಕೈಗೆ ಆಕ್ಟೇವ್ ಇರುವ ಪೀಸ್ ಕೊಟ್ಟು "ಇನ್ನೂ ಪ್ರಾಕ್ಟೀಸ್ ಮಾಡು" ಅನ್ನುವುದು ಅನ್ಯಾಯ. ಸುಮ್ನೆ ನೋವು ಬರುತ್ತದೆ.

ಹಾಗಾದರೆ ಅಪ್ಪ ಅಮ್ಮನಿಗೆ ನಾನು ಏನು ಹೇಳುತ್ತೇನೆ? ಪ್ರತಿ ಮಗುವಿಗೂ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಓದು, ಕಿವಿ, ತಾಳ, ಬೆರಳು, ಸ್ವಂತವಾಗಿ ಏನಾದರೂ ಕಟ್ಟುವುದು, ಎಲ್ಲವನ್ನೂ ಬೇರೆ ಬೇರೆ ಬರೆಯುತ್ತೇನೆ. ಅದನ್ನೇ ತೆರೆದು ತೋರಿಸುತ್ತೇನೆ. "ಓದುವುದರಲ್ಲಿ ಇಷ್ಟು ಮುಂದೆ ಬಂದಿದ್ದಾಳೆ, ಎಡಗೈ ಇನ್ನೂ ಜಾಸ್ತಿ ಕೆಲಸ ಕೇಳುತ್ತದೆ" ಅಂದರೆ ಅವರಿಗೂ ಮನೆಯಲ್ಲಿ ಯಾವುದಕ್ಕೆ ಕಿವಿ ಕೊಡಬೇಕು ಅಂತ ಗೊತ್ತಾಗುತ್ತದೆ.

ಪರೀಕ್ಷೆ ಬೇಕು ಅನ್ನುವವರನ್ನು ಖಂಡಿತ ಕೂರಿಸುತ್ತೇನೆ. ಎಲ್ಲ ಕಡೆಯೂ ಒಂದು ಮಟ್ಟಕ್ಕೆ ಬಂದ ಮೇಲೆ. ಗ್ರೇಡ್‌ಗಳನ್ನು ಒಂದರ ಹಿಂದೆ ಒಂದು ಬರೆಯಲೇಬೇಕು ಅಂತ ನಿಯಮ ಇಲ್ಲ. ಒಂದು, ಎರಡು ಬಿಟ್ಟು ನೇರ ಮೂರಕ್ಕೂ ಕೂರಬಹುದು. ಆ ಕೊಯರ್ ಹುಡುಗಿಯ ಅಮ್ಮನಿಗೆ ಹೇಳಿದ್ದೂ ಇದನ್ನೇ.