ಕಾಫಿ ಮಾರ್ಕೆಟ್ ಫ್ರೀ ಆಯ್ತು, ರೂಲ್ಸ್ ಎಲ್ಲೋಯ್ತು?

ಮೂಡಿಗೆರೆ ಕಡೆ ಹಳೇ ಪ್ಲಾಂಟರ್ಸ್ ಹತ್ರ ಪೂಲಿಂಗ್ ಕಾಲದ ಬಗ್ಗೆ ಕೇಳಿ ನೋಡಿ, ಬೈಗುಳ ಶುರುವಾಗುತ್ತೆ. ಪೂಲಿಂಗ್ ಅಂದ್ರೆ, 1942ರ ಕಾಯ್ದೆ ಪ್ರಕಾರ ಬೆಳೆದಿದ್ದೆಲ್ಲ ಸರ್ಕಾರದ ಕಾಫಿ ಬೋರ್ಡಿಗೇ ಹಾಕ್ಬೇಕಿತ್ತು, ಮನೆ ಖರ್ಚಿಗೆ ಬಿತ್ತನೆಗೆ ಅಂತ ಚೂರು ಇಟ್ಕೋಬಹುದಿತ್ತು ಅಷ್ಟೇ, ಬೋರ್ಡು ಹರಾಜಲ್ಲಿ ಮಾರಿ ದುಡ್ಡನ್ನ ಕಂತು ಕಂತಾಗಿ ಕೊಡ್ತಿತ್ತು. ಅದಕ್ಕೇ, ಮಾರ್ಕೆಟ್ ಬಿಟ್ಟುಕೊಡೋ ಉದಾರೀಕರಣನ ದೆಹಲಿಯೋರು ನಮ್ಮ ತಲೆ ಮೇಲೆ ಹೇರಿದ್ರು ಅಂತ ಜನ ಹೇಳ್ತಾರಲ್ಲ, ಅದು ಕಾಫಿ ಮಟ್ಟಿಗೆ ಅರ್ಧ ಸತ್ಯ, ಬೆಳೆಗಾರರೇ ಗಲಾಟೆ ಮಾಡಿ ಕೇಳಿದ್ದು. 1992ರಿಂದ ಸ್ವಲ್ಪ ಸ್ವಲ್ಪ ಸಡಿಲ ಮಾಡ್ತಾ ಬಂದು 1996ಕ್ಕೆ ಎಲ್ಲರಿಗೂ ಪೂರ್ತಿ ಬಿಟ್ರು.

ಟೈಮಿಂಗೂ ಹಂಗಿತ್ತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಗಿಡ ಹಾಳಾಗಿ ರೇಟ್ ಏರಿತ್ತು, ಕೈಯಲ್ಲಿ ದುಡ್ಡಿತ್ತು, ರೇಟ್ ಬಿದ್ರೆ ಯಾರು ಹಿಡಿಯೋದು ಅಂತ ಕೇಳೋಕೆ ಯಾರಿಗೆ ಪುರುಸೊತ್ತು? ರೇಟ್ ಬೀಳದಂಗೆ ದೇಶ ದೇಶಗಳು ಮಾಡ್ಕೊಂಡಿದ್ದ ಕಾಫಿ ರಫ್ತು ಕೋಟಾ 1989ರಲ್ಲೇ ಮುರಿದು ಬಿದ್ದಿತ್ತು ಬೇರೆ. ಆಮೇಲೆ ವಿಯೆಟ್ನಾಂನಿಂದ ರೊಬಸ್ಟಾ ಜಾತಿ ಕಾಫಿ ರಾಶಿ ಬಂತು, 2001-02ರಲ್ಲಿ ರೇಟ್ ನೆಲ ಕಚ್ಚಿತು, ಅದೇ ಜನ ದೆಹಲಿಗೆ ಹೋಗಿ ಪ್ಯಾಕೇಜ್ ಕೊಡಿ ಅಂದ್ರು. 2010ರಲ್ಲಿ ಸಣ್ಣ ಬೆಳೆಗಾರರಿಗೆ ಸಾಲ ಪರಿಹಾರನೂ ಬಂತು. ಮಾರೋಕೆ ಸರ್ಕಾರ ಬೇಡ, ಸಾಲಕ್ಕೆ ಬೇಕು. ಬೈಬೇಡಿ, ನಾನೂ ಅದೇ ಕ್ಯೂನಲ್ಲಿರೋನೇ.

ಹಂಗಂತ ರೂಲ್ಸ್ ಹೋಯ್ತಾ? ಬರೆಯೋರು ಬದಲಾದ್ರು ಅಷ್ಟೇ. ಇನ್ನೊಂದು ಜಾತಿ ಅರೇಬಿಕಾ ರೇಟಿಗೆ ನ್ಯೂಯಾರ್ಕ್ ಮಾರ್ಕೆಟ್ ನೋಡ್ಬೇಕು, ರೊಬಸ್ಟಾಗೆ ಲಂಡನ್ನು. ಇನ್ನು ಊರಲ್ಲಿ ಔಟ್‌ಟರ್ನ್, ಅಂದ್ರೆ ಮೂಟೆಗೆ ಎಷ್ಟು ಬೀಜ ಸಿಗುತ್ತೆ ಅನ್ನೋ ಲೆಕ್ಕ. ಚೆರ್ರಿ, ಅಂದ್ರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ತಗೊಂಡು ಹೋದ್ರೆ ವ್ಯಾಪಾರಿ ಮೂಟೆಯಿಂದ ಒಂದಿಷ್ಟು ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ತೂಕ ಹಾಕಿ, ತೇವ ಅಳೆಯೋ ಮಾಯಿಶ್ಚರ್ ಮೀಟರ್ ಇಟ್ಟು, ಐವತ್ತು ಕೆಜಿ ಮೂಟೆಗೆ ಇಷ್ಟು ಬೀಜ ಬರುತ್ತೆ ಅಂತ ಚೀಟಿ ಬರೀತಾನೆ, ರೇಟ್ ಅದರ ಮೇಲೆ. ಒಂದು ಪಾಯಿಂಟ್ ಕಮ್ಮಿ ಬರೆದ್ರೆ ಮೂಟೆಗೆ ಒಂದು ಕೆಜಿ ಬೀಜದ ದುಡ್ಡು ಹೋಯ್ತು. ಮೀಟರ್ ಅವನದ್ದೇ, ಸ್ಯಾಂಪಲ್ ತೆಗೆಯೋ ಕೈನೂ ಅವನದ್ದೇ, ಬೇಡ ಅಂದ್ರೆ ಮೂಟೆ ವಾಪಸ್ ಜೀಪಿಗೆ ಹೇರ್ಕೊಂಡು ಹೋಗ್ಬೇಕು.

ಈಗ ಯುರೋಪಿಯನ್ ಒಕ್ಕೂಟದ್ದು ಹೊಸಾ ರೂಲ್. 2023ರ ಕಾನೂನು, 2020 ಡಿಸೆಂಬರ್ ಆದ್ಮೇಲೆ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗಂಗಿಲ್ಲ, ತೋಟದ ಲೊಕೇಶನ್ ಕೊಡ್ಬೇಕು. ಜಾರಿ ಮುಂದಕ್ಕೆ ಹೋಗ್ತಾನೇ ಇದೆ, ಉದ್ದೇಶನೂ ತಪ್ಪಲ್ಲ, ಆದ್ರೆ ಬೋರ್ಡ್ ಮೇಲೆ ಸಿಟ್ಟು ಬಂದ್ರೆ ಎಂಪಿ ಮನೆ ಮುಂದೆ ಕೂರಬಹುದಿತ್ತು, ಈ ಒಕ್ಕೂಟದ ಕಚೇರಿ ಇರೋ ಬ್ರಸೆಲ್ಸಲ್ಲಿ ಯಾರ ಮನೆ ಮುಂದೆ ಕೂರೋದು?

ಪೂಲಿಂಗ್ ವಾಪಸ್ ಬರ್ಲಿ ಅಂತ ನಾನಂತೂ ಹೇಳಲ್ಲ. ಹೋಬಳಿಗೊಂದು ಔಟ್‌ಟರ್ನ್ ಟೆಸ್ಟ್ ಮಾಡೋ ಜಾಗ ಬೇಕು, ವ್ಯಾಪಾರಿದಲ್ಲದ್ದು. ಆದ್ರೆ ಎಲೆಕ್ಷನ್ ಟೈಮಲ್ಲಿ ಕ್ಯಾಂಡಿಡೇಟ್ ತೋಟಕ್ಕೇ ಬಂದು ನಿಂತ್ರೂ ನಾವು ಕೇಳೋದು ಸಾಲಮನ್ನಾನೇ.