ಸಂಗತಿ ಹೇಳಿ, ಅರ್ಥ ಬಿಡಿ

ಪುರವಣಿಗೆ ಬಂದ ಪದ್ಯಗಳನ್ನು ಓದಿ, ಆರಿಸಿ, ಕವಿಗಳ ಜೊತೆ ಕೂತು ತಿದ್ದುವ ಕೆಲಸದಲ್ಲಿ ಒಂದು ಪ್ರಶ್ನೆ ತಪ್ಪಿದ್ದಲ್ಲ: ಓದುವವರಿಗೆ ಅರ್ಥವಾಗುವ ಹಾಗೆ ಬರೆಯಬೇಕಾ, ಬೇಡವಾ? ಹೀಗೆ ಕೇಳಿದರೆ ಉತ್ತರ ಸಿಗುವುದಿಲ್ಲ. ಪದ್ಯದಲ್ಲಿ ಸಂಗತಿ ಬೇರೆ, ಅರ್ಥ ಬೇರೆ. ಯಾರು ಮಾತಾಡುತ್ತಿದ್ದಾರೆ, ಎಲ್ಲಿದ್ದಾರೆ, ಏನು ನಡೆಯುತ್ತಿದೆ ಅನ್ನುವುದು ಸಂಗತಿ. ಅದನ್ನು ಮುಚ್ಚಿಡಬೇಕಾದರೆ ಬಲವಾದ ಕಾರಣ ಬೇಕು. ಅದರಿಂದ ಏನು ಹೊಳೆಯುತ್ತದೆ ಅನ್ನುವುದು ಅರ್ಥ. ಅದನ್ನು ಕವಿಯೇ ಹೇಳಿಬಿಟ್ಟರೆ ಓದುವವರಿಗೆ ಕೆಲಸವೇ ಉಳಿಯುವುದಿಲ್ಲ. ಬಹುಪಾಲು ಕರಡುಗಳಲ್ಲಿ ಇದು ತಿರುಗುಮುರುಗಾಗಿರುತ್ತದೆ: ಸಂಗತಿ ಮಸುಕು, ಅರ್ಥ ಮಾತ್ರ ದಪ್ಪಕ್ಷರದಲ್ಲಿ.

ಇಲ್ಲಿಗಾಗಿಯೇ ಕಟ್ಟಿದ ಒಂದು ಮಾದರಿ:

ಅವಳು ಕೇರುತ್ತಲೇ ಇದ್ದಾಳೆ
ಜೊಳ್ಳು ಹೊರಗೆ, ಗಟ್ಟಿ ಒಳಗೆ
ಬದುಕೂ ಹೀಗೆಯೇ, ಬೇಡದ್ದನ್ನು ಬಿಡಬೇಕು

ಅವಳು ಯಾರು? ಅವ್ವನೋ, ಹೆಂಡತಿಯೋ, ಕೂಲಿಗೆ ಬಂದವಳೋ? ಪೇಟೆಯಲ್ಲಿ ಬೆಳೆದವರಿಗೆ ‘ಕೇರು’ ಎಂಬ ಕ್ರಿಯಾಪದ ಹೊಸದು. ಮೂರನೇ ಸಾಲು ಗೋಡೆಬರಹ. ತಿದ್ದಿದ ಮೇಲೆ:

ಅವ್ವ ಮೊರ ಹಿಡಿದು ಕೇರುತ್ತಲೇ ಇದ್ದಾಳೆ
ಜೊಳ್ಳು ಗಾಳಿಗೆ
ಕಾಳು ಅವಳೆದೆಯ ಕಡೆಗೆ

ಮೊರ ಪಕ್ಕಕ್ಕೆ ಬಂದದ್ದೇ ತಡ, ‘ಕೇರು’ ತಾನಾಗಿ ತಿಳಿಯುತ್ತದೆ. ಅಡಿಟಿಪ್ಪಣಿ ಬೇಕಿಲ್ಲ. ಟಿಪ್ಪಣಿ ಇದ್ದರೆ ಕಣ್ಣು ಪುಟದ ಕೆಳಕ್ಕೆ ಇಳಿದು ಮತ್ತೆ ಹತ್ತಬೇಕು, ಅಷ್ಟರಲ್ಲಿ ಲಯ ಹೋಗಿರುತ್ತದೆ. ಇನ್ನು ಮೊರವನ್ನು ಚಿಮ್ಮಿದಾಗ ತೂಕದ ಕಾಳು ಹಿಂದಕ್ಕೆ, ಹಿಡಿದವಳ ಮೈಯ ಕಡೆಗೇ ಸರಿಯುತ್ತದೆ. ಹಗುರ ಜೊಳ್ಳು ಮುಂದಿನ ಅಂಚಿನಿಂದ ಹಾರುತ್ತದೆ. ಕೇರುವುದನ್ನು ಕಣ್ಣಿಟ್ಟು ನೋಡಿದವರಿಗೆ ಗೊತ್ತಿರುವ ಸಂಗತಿ ಇದು. ಅದನ್ನು ಸರಿಯಾಗಿ ಹೇಳಿದ್ದಕ್ಕೇ ಬದುಕಿನ ಮಾತು ಬೇಡವಾಯಿತು.

ಕನ್ನಡದಲ್ಲಿ ಸರ್ವನಾಮ ಬಿಟ್ಟರೂ ‘ಬಂದಳು’, ‘ಬಂದರು’ ಎಂಬ ಕ್ರಿಯಾಪದವೇ ದಾರಿ ತೋರಿಸುತ್ತದೆ. ಕೈಕೊಡುವುದು ‘ಅದು’, ‘ಬಂತು’, ‘ಹೋಯಿತು’. ಮೇಲಿನ ಸಾಲುಗಳಲ್ಲಿ ಮಳೆ, ಬಸ್ಸು, ನೆನಪು ಮೂರೂ ಇದ್ದರೆ ಬಂದದ್ದು ಯಾವುದು? ಕರಡಿನಲ್ಲಿರುವ ಪ್ರತಿ ‘ಅದು’ವಿಗೂ ಪೆನ್ಸಿಲ್ಲಿನಿಂದ ಸುತ್ತು ಹಾಕಿ, ಅದರಿಂದ ಹಿಂದಕ್ಕೆ ಒಂದು ಗೆರೆ ಎಳೆಯಿರಿ. ಗೆರೆ ಎರಡು ನಾಮಪದಗಳ ನಡುವೆ ತಡಕಾಡಿದರೆ ಆ ಸಾಲನ್ನು ತಿದ್ದಬೇಕು.

ಓದುವವರು ಬೇರೆ, ಕೇಳುವವರು ಬೇರೆ. ಕಣ್ಣು ಹಿಂದಿನ ಸಾಲಿಗೆ ಹೋಗಿ ಬರಬಲ್ಲದು, ಕಿವಿಗೆ ಆ ಸವಲತ್ತಿಲ್ಲ. ಕುಮಾರವ್ಯಾಸನ ಭಾಮಿನಿ ಷಟ್ಪದಿಯ 1, 2, 4, 5ನೇ ಸಾಲುಗಳಿಗೆ 14 ಮಾತ್ರೆ, 3 ಮತ್ತು 6ನೇ ಸಾಲುಗಳಿಗೆ ಕೊನೆಯ ಗುರುವೂ ಸೇರಿ 23. ಆ ಗುರುವಿನ ಮೇಲೆ, ಕಾವ್ಯವನ್ನು ರಾಗವಾಗಿ ಓದುವ ಗಮಕಿ ನಿಲ್ಲುತ್ತಾನೆ, ಕೇಳುವವರು ಅಷ್ಟರವರೆಗಿನದನ್ನು ಒಳಗೆ ತೆಗೆದುಕೊಳ್ಳುತ್ತಾರೆ. ಕವಿಗೋಷ್ಠಿಗೆ ಮುಕ್ತಛಂದದ ಪದ್ಯ ಒಯ್ಯುವವರು ಇಂಥ ನಿಲುಗಡೆಯನ್ನು ತಾವೇ ಕಟ್ಟಿಕೊಳ್ಳಬೇಕು. ಮರಳಿ ಬರುವ ಒಂದು ಸಾಲಾದರೂ ಸಾಕು. ಪುಟದ ಮೇಲೆ ಅದೇ ಸಾಲು ಬೇಸರ ತರಿಸಬಹುದು. ಅಚ್ಚಿಗೆ ಕೊಡುವಾಗ ತೆಗೆಯಲು ಹಿಂಜರಿಯಬೇಡಿ.

ಓದುವವರಿಗಾಗಿ ಕವಿ ಎಲ್ಲಿಯವರೆಗೆ ಬಗ್ಗಬೇಕು ಅನ್ನುವುದಕ್ಕೆ ಮುದ್ದಣನ ರಾಮಾಶ್ವಮೇಧಕ್ಕಿಂತ ಒಳ್ಳೆಯ ಪಾಠ ನಮ್ಮಲ್ಲಿಲ್ಲ. ಅಲ್ಲಿ ಕತೆ ಕೇಳುವವಳು ಕಾವ್ಯದ ಒಳಗೇ ಕೂತಿದ್ದಾಳೆ, ಕತೆ ಹೇಳುವ ಮುದ್ದಣನ ಹೆಂಡತಿ ಮನೋರಮೆ. ಪದ್ಯ ಬೇಡ, ಗದ್ಯದಲ್ಲಿ ಹೇಳು ಅನ್ನುತ್ತಾಳೆ, ಅವನು ಒಪ್ಪುತ್ತಾನೆ. ಸಂಸ್ಕೃತದ ಭಾರ ಹೆಚ್ಚಾದಾಗ ನೀರಿಳಿಯದ ಗಂಟಲಿಗೆ ಕಡುಬು ತುರುಕಿದಂತಾಯಿತು ಅನ್ನುತ್ತಾಳೆ, ಅದಕ್ಕೂ ಬಗ್ಗುತ್ತಾನೆ. ಆದರೆ ಹಳಗನ್ನಡವನ್ನು ಮಾತ್ರ ಬಿಡಲಿಲ್ಲ. ಆ ಕೃತಿಯ ಜೀವ ಇರುವುದೇ ಆ ನುಡಿಯಲ್ಲಿ. ಕೊಡಬಹುದಾದದ್ದನ್ನೆಲ್ಲ ಕೊಟ್ಟು, ಕೊಟ್ಟರೆ ಕೃತಿಯೇ ಉಳಿಯದು ಅನ್ನುವುದನ್ನು ಇಟ್ಟುಕೊಳ್ಳುವ ಕೆಲಸ ಇದು. ಯಾವುದು ಯಾವುದು ಅನ್ನುವುದನ್ನು ಪ್ರತಿ ಪದ್ಯಕ್ಕೂ ಹೊಸದಾಗಿ ನಿರ್ಧರಿಸಬೇಕು.

ಕೆಲಸದ ಕ್ರಮ ಹೀಗೆ. ಮೊದಲ ಕರಡು ಬರೆಯುವಾಗ ಯಾರನ್ನೂ ನೆನೆಯಬೇಡಿ. ಆಗಲೇ ಓದುವವರನ್ನು ಒಳಗೆ ಬಿಟ್ಟರೆ ಸಾಲು ಹುಟ್ಟುವ ಮೊದಲೇ ಸಮಜಾಯಿಷಿ ಹುಟ್ಟುತ್ತದೆ. ಕರಡನ್ನು ವಾರ, ಹತ್ತು ದಿನ ಬಿಡಿ. ಆಮೇಲೆ ಮೂವರಿಗೆ ಕೊಡಿ, ಒಬ್ಬರಾದರೂ ಕವಿಯಲ್ಲದವರಿರಲಿ. ‘ಹೇಗಿದೆ?’ ಎಂದು ಕೇಳಬೇಡಿ, ‘ಚೆನ್ನಾಗಿದೆ’ ಬಿಟ್ಟು ಬೇರೇನೂ ಬರುವುದಿಲ್ಲ. ಇದು ಯಾರ ಮಾತು, ಎಲ್ಲಿ ನಡೆಯುತ್ತಿದೆ, ಯಾವ ಸಾಲನ್ನು ಎರಡು ಸಲ ಓದಬೇಕಾಯಿತು, ಈ ಮೂರನ್ನು ಕೇಳಿ. ನೀವು ವಿವರಿಸಲು ಹೋಗಬೇಡಿ, ಪತ್ರಿಕೆಯ ಜೊತೆ ಕವಿ ಮನೆಮನೆಗೆ ಹೋಗುವುದಿಲ್ಲವಲ್ಲ. ಇಬ್ಬರು ಒಂದೇ ಸಾಲಿನಲ್ಲಿ ಎಡವಿದ್ದರೆ ತಪ್ಪು ಸಾಲಿನದು. ಮೂವರು ಮೂರು ಕಡೆ ಎಡವಿದ್ದರೆ ಪದ್ಯವನ್ನು ಮುಟ್ಟಬೇಡಿ. ಇದೇ ಪದ್ಯ ಮೂವರಲ್ಲಿ ಮೂರು ಅರ್ಥ ಹೊಳೆಸಿದ್ದರೆ ಅದು ದೋಷವಲ್ಲ, ಸಂತೋಷಪಡಿ.

ಕೊನೆಗೆ ಪದ್ಯವನ್ನು ಫೋನಿನಲ್ಲಿ ತೆರೆದು ನೋಡಿ. ಕನ್ನಡದಲ್ಲಿ ವಿಭಕ್ತಿ, ಸಂಧಿ ಸೇರಿ ಪದಗಳು ಉದ್ದವಾಗುತ್ತವೆ. ಸಾಲು ಪರದೆ ಮೀರಿದರೆ ಕೊನೆಯ ಪದ ಒಂಟಿಯಾಗಿ ಕೆಳಗೆ ಬೀಳುತ್ತದೆ, ಅದನ್ನು ನೀವೇ ಮುರಿದ ಸಾಲು ಎಂದುಕೊಂಡು ಓದುವವರು ಅಲ್ಲಿ ಉಸಿರು ನಿಲ್ಲಿಸುತ್ತಾರೆ. ಪತ್ರಿಕೆಯ ಕಾಲಂ ಇನ್ನೂ ಕಿರಿದು. ಸಾಲನ್ನು ಎಲ್ಲಿ ಮುರಿಯಬಹುದು ಎಂದು ಪುಟ ಜೋಡಿಸುವ ಡಿಟಿಪಿಯವರಿಗೆ ಗುರುತು ಹಾಕಿಯೇ ಕಳಿಸಿ. ಇಲ್ಲದಿದ್ದರೆ ಅವರು ಜಾಗ ನೋಡಿ ಮುರಿಯುತ್ತಾರೆ, ಅದು ಅವರ ತಪ್ಪಲ್ಲ.